ಸಿಂಗಳೀಕದ ದಾರಿ ಕಡಿಯುವ ಮುನ್ನ

ಉತ್ತರ ಕನ್ನಡದ ಅಘನಾಶಿನಿ ನದಿಯ ಅಳಿವೆಯಲ್ಲಿ ಇಳಿತ ಬಂದರೆ ಹೆಂಗಸರು ಬುಟ್ಟಿ ಹಿಡಿದು ಬಳಚು ಎಂಬ ಚಿಪ್ಪುಜೀವಿಯನ್ನು ಆಯಲು ಇಳಿಯುತ್ತಾರೆ. ಪಕ್ಕದ ಶರಾವತಿಯ ಅಳಿವೆಯಲ್ಲಿ ಬಳಚು ಬಹುಮಟ್ಟಿಗೆ ಅಳಿದಿದೆ. ಅಘನಾಶಿನಿಗೆ ಅಣೆಕಟ್ಟಿಲ್ಲ. ಶರಾವತಿಯಲ್ಲಿ ವಿದ್ಯುದಾಗಾರಗಳಿಂದ ವರ್ಷವಿಡೀ ಹೊರಬರುವ ಸಿಹಿನೀರು ಅಳಿವೆಯ ಉಪ್ಪನ್ನೇ ತೆಳ್ಳಗಾಗಿಸಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮುಳುಗಿದ ಊರುಗಳ ಲೆಕ್ಕವಾದರೂ ಇತ್ತು. ಬಳಚಿನ ಲೆಕ್ಕವನ್ನು ಯಾರೂ ಇಟ್ಟಿರಲಿಲ್ಲ.

ಈಗ ಅದೇ ಕಣಿವೆಯಲ್ಲಿ ಮತ್ತೊಂದು ಯೋಜನೆ. ಮೇಲಿನ ತಳಕಳಲೆ, ಕೆಳಗಿನ ಗೇರುಸೊಪ್ಪೆ ಜಲಾಶಯಗಳ ನಡುವೆ ಸುರಂಗ ಕೊರೆದು, ನೆಲದೊಳಗೆ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ವಿದ್ಯುದಾಗಾರ ಕಟ್ಟುವುದು. ಸುತ್ತ ಇರುವುದು ಸುಮಾರು 930 ಚದರ ಕಿಲೋಮೀಟರಿನ ಸಿಂಗಳೀಕ ಅಭಯಾರಣ್ಯ. ಬೇಕಾದ ಕಾಡು ಸುಮಾರು 54 ಹೆಕ್ಟೇರ್, ಅಂದರೆ ಅಭಯಾರಣ್ಯದ ಶೇಕಡಾ 0.06. ಇದು ತೀರಾ ಕಡಿಮೆಯಲ್ಲವೇ ಎನ್ನುತ್ತಾರೆ ಯೋಜನೆಯ ಪರವಾದವರು.

ಈ ಲೆಕ್ಕವೇ ನನ್ನನ್ನು ಹೆದರಿಸುವುದು. ಸಿಂಗಳೀಕ ಮರದ ಮೇಲಿನ ಜೀವ. ಕೊಂಬೆಯಿಂದ ಕೊಂಬೆಗೆ ದಾಟುತ್ತ ಹಣ್ಣು ಹುಡುಕುತ್ತದೆ. ಕಾಡಿನ ಮಧ್ಯೆ ಒಂದು ರಸ್ತೆ ಅಗಲವಾದರೆ ಸಾಕು, ಅದರ ದಾರಿ ಅಲ್ಲಿಗೆ ನಿಂತಿತು. ನೆಲಕ್ಕಿಳಿದರೆ ವಾಹನ, ನಾಯಿ. ಇಳಿಯದಿದ್ದರೆ ಗುಂಪು ಒಂದೇ ತುಂಡು ಕಾಡಿನಲ್ಲಿ ಬಂದಿ, ಒಳಸಂತಾನದಿಂದ ದುರ್ಬಲ. ಹೆಣ್ಣು ಮೊದಲ ಮರಿ ಹಾಕುವುದು ಆರು ವರ್ಷ ದಾಟಿದ ಮೇಲೆ, ಆಮೇಲೂ ಎರಡೂವರೆ ವರ್ಷಕ್ಕೊಂದು. ಕಳೆದದ್ದನ್ನು ತುಂಬಿಕೊಳ್ಳುವ ವೇಗ ಅದಕ್ಕಿಲ್ಲ. ಜಗತ್ತಿನ ಕಾಡುಗಳಲ್ಲಿ ಉಳಿದಿರುವವು 4,000ಕ್ಕಿಂತ ಕಡಿಮೆ ಎಂಬ ಅಂದಾಜಿದೆ. ಈ ಕಣಿವೆಯೊಂದರಲ್ಲೇ 700ರ ಆಸುಪಾಸು.

ಸುರಂಗ, ರಸ್ತೆಗಳಿಗಾಗಿ ಕಡಿಯುವ ಇಳಿಜಾರಿನ ಮಾತೂ ಇದೆ. 2024ರ ಜುಲೈಯಲ್ಲಿ ಇದೇ ಉತ್ತರ ಕನ್ನಡದ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದಿದ್ದ ಗುಡ್ಡ ಮಳೆಗೆ ಜರಿದು ಜೀವಗಳನ್ನು ಎಳೆದೊಯ್ದಿತು. ಬುಡ ಕಡಿದ ಗುಡ್ಡ, ಬೇರು ಕಿತ್ತ ಮಣ್ಣು, ಎಡೆಬಿಡದ ಮಳೆ ಒಟ್ಟಾದಲ್ಲೆಲ್ಲ ಈ ಅಪಾಯವಿದೆ.

ಬಿಸಿಲಿನ ವಿದ್ಯುತ್ತನ್ನು ರಾತ್ರಿಗೆ ಕೂಡಿಡುವ ಅಗತ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನೀರನ್ನು ಮೇಲಕ್ಕೆತ್ತಿ ಮತ್ತೆ ಕೆಳಕ್ಕೆ ಹರಿಸುವ ಈ ವಿಧಾನದಲ್ಲಿ ಐದು ಯೂನಿಟ್ ಸುರಿದರೆ ಮರಳುವುದು ಸುಮಾರು ನಾಲ್ಕೇ. ಬ್ಯಾಟರಿಯನ್ನು ಬಯಲುಸೀಮೆಯ ಸೌರ ಸ್ಥಾವರದ ಪಕ್ಕದಲ್ಲೇ ಇಡಬಹುದು. ಯೋಜನೆ ರೂಪಿಸಿದವರು ಅದನ್ನೂ ತೂಗಿ ನೋಡಲಿ. ಸುರಂಗದ ಬಾಯಿ ಎಲ್ಲಿ, ರಸ್ತೆ ಎಲ್ಲಿ, ಅಲ್ಲಿ ಯಾವ ಗುಂಪು ಯಾವ ಮರದಿಂದ ದಾಟುತ್ತದೆ ಎಂಬ ನಕ್ಷೆಯನ್ನು ಮೊದಲ ಮರಕ್ಕೆ ಗರಗಸ ಇಡುವ ಮುನ್ನ ಜನರ ಮುಂದಿಡಲಿ.