‘ಅಮ್ಮ ಹೋದರು’

ಪದಕ್ಕಿಷ್ಟೆಂದು ದರ ತೆರಬೇಕಾಗಿದ್ದ ಕಾಲದಲ್ಲಿ, ತಂತಿ ಕೊಡಲು ಹೋದ ಗೃಹಸ್ಥರು ಕಾಸು ಉಳಿಸುವ ಭರದಲ್ಲಿ ಅರ್ಥವನ್ನೇ ಕಳೆದುಕೊಂಡು ಬರುತ್ತಿದ್ದುದುಂಟು. 2013ರ ಜುಲೈನಲ್ಲಿ ಭಾರತದ ತಂತಿ ಸೇವೆಯೇ ನಿಂತುಹೋಯಿತು; ಅದರ ಪ್ರಮಾದಗಳು ಮಾತ್ರ ಹಿರಿಯರ ಬಾಯಲ್ಲಿ ಇನ್ನೂ ನಗೆಗೆ ವಸ್ತುವಾಗಿವೆ.

ಹೆಗ್ಗಡದೇವನಕೋಟೆ ತಾಲ್ಲೂಕಿನ ಹಂಪಾಪುರದಿಂದ ವೃದ್ಧ ತಾಯಿಯೊಬ್ಬರು ಬೆಂಗಳೂರಿನ ಹಿರಿಯ ಮಗನ ಮನೆಗೆ ಹೊರಟರೆಂದು ಭಾವಿಸೋಣ. ಅಣ್ಣ ಬಸ್ ನಿಲ್ದಾಣಕ್ಕೆ ಬರಲೆಂದು ಕಿರಿಯವನು ತಂತಿ ಕೊಟ್ಟ. ‘ಬಸ್ಸಿನಲ್ಲಿ’, ‘ಬೆಂಗಳೂರಿಗೆ’ ಎಂಬೆರಡು ಪದಗಳು ಅವನಿಗೆ ದುಂದೆನಿಸಿದವು. ಉಳಿದದ್ದು, ‘ಅಮ್ಮ ಹೋದರು.’

ಕನ್ನಡದಲ್ಲಿ ಊರಿಗೆ ಹೋಗುವುದಕ್ಕೂ ಲೋಕವನ್ನೇ ಬಿಟ್ಟುಹೋಗುವುದಕ್ಕೂ ಕ್ರಿಯಾಪದ ಒಂದೇ. ಹೊಸ್ತಿಲು ದಾಟುವವರು ‘ಹೋಗುತ್ತೇನೆ’ ಎಂದರೆ ಹಿರಿಯರು ತಡೆದು ‘ಹೋಗಿ ಬರುತ್ತೇನೆ’ ಎನ್ನಿಸುವುದು ಸುಮ್ಮನೆಯಲ್ಲ. ಅದರ ಮೇಲೆ, ತಂತಿಯೆಂದರೆ ಒಡೆಯುವ ಮೊದಲೇ ಅಳು ಬರುತ್ತಿದ್ದ ದಿನಗಳವು!

ಬೆಂಗಳೂರಿನಲ್ಲಿ ಒಲೆ ಆರಿತು, ನೆರೆಹೊರೆಯವರು ಕೂಡಿದರು, ಹಿರಿಯ ಮಗ ಟ್ಯಾಕ್ಸಿ ಗೊತ್ತುಮಾಡಲು ಓಡಿದ. ಅಷ್ಟರಲ್ಲಿ ಬಾಗಿಲಿಗೆ ಜಟಕಾ ಬಂದು ನಿಂತಿತು. ಸೊಗಡಿನ ಅವರೆಕಾಯಿಯ ಚೀಲದೊಡನೆ ಇಳಿದ ತಾಯಿ, ನಿಲ್ದಾಣಕ್ಕೆ ಯಾರೂ ಬಾರದ ಸಿಟ್ಟನ್ನೂ ಮರೆತು, ಅಳುತ್ತಿದ್ದ ಸೊಸೆಯನ್ನು ಗಾಬರಿಯಿಂದ ಕೇಳಿದರು: ‘ಯಾರಮ್ಮಾ ಹೋದದ್ದು?’