ಮಧ್ಯಾಹ್ನದ ಮಂಪರು ಸೋಮಾರಿತನವಲ್ಲ

ಮಧ್ಯಾಹ್ನ ಎರಡು ಗಂಟೆಯಾಯಿತೆಂದರೆ ಕಚೇರಿಯಲ್ಲಿ ಗುಮಾಸ್ತರ ಕೆಲಸ ನಿಧಾನವಾಗುತ್ತದೆ, ಬೀಡಿ ಕಟ್ಟುವವರ ಕೈ ತಡವರಿಸುತ್ತದೆ, ತರಗತಿಯ ಹಿಂದಿನ ಬೆಂಚಿನಲ್ಲಿ ತಲೆಗಳು ಬಾಗತೊಡಗುತ್ತವೆ. ಇದನ್ನು ಕಂಡು ಸೋಮಾರಿತನವೆಂದು ಗದರುವವರೂ ಕುಚ್ಚಲಕ್ಕಿ ಅನ್ನವನ್ನು ದೂರುವವರೂ ನಮ್ಮಲ್ಲಿದ್ದಾರೆ. ಎರಡೂ ಪೂರ್ತಿ ಸರಿಯಲ್ಲ.

ನಮ್ಮ ದೇಹದೊಳಗೊಂದು ಗಡಿಯಾರವಿದೆ. ಅದು ನಡೆಯುವ ಬಗೆಯನ್ನು ಕಂಡುಹಿಡಿದ ಅಮೆರಿಕದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಶ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಈ ಗಡಿಯಾರದ ಪ್ರಕಾರ ನಡುರಾತ್ರಿಯ ಬಳಿಕ ನಿದ್ದೆಯ ಸೆಳೆತ ಬಲವಾಗಿರುತ್ತದೆ. ಮಧ್ಯಾಹ್ನ 1ರಿಂದ 4ರ ನಡುವೆ ಇನ್ನೊಮ್ಮೆ ಹಗುರವಾಗಿ ಬರುತ್ತದೆ. ಉಣ್ಣದವರಿಗೂ ಈ ಮಂಪರು ತಪ್ಪದು. ಹೊಟ್ಟೆ ಬಿರಿಯುವ ಊಟ, ಕರಾವಳಿಯ ಸೆಕೆ, ರಾತ್ರಿಯ ನಿದ್ದೆಗೇಡು ಸೇರಿದರೆ ಅದು ಇಮ್ಮಡಿಯಾಗುತ್ತದೆ.

ಹಾಗಾದರೆ ಮಾಡಬೇಕಾದುದೇನು? ಬೆಳಗ್ಗೆ ಬರಿಯ ಚಹಾ ಕುಡಿದು ಬಸ್ಸಿಗೆ ಓಡಿ, ಮಧ್ಯಾಹ್ನ ಎರಡು ಹೊತ್ತಿನದನ್ನು ಒಟ್ಟಿಗೆ ಉಣ್ಣುವ ಅಭ್ಯಾಸ ಬಿಡಬೇಕು. ಅನ್ನ ಒಂದು ಸೌಟು ಕಡಿಮೆಯಾಗಲಿ. ಹೆಸರು, ಹುರುಳಿ, ಬಸಳೆಯ ಪದಾರ್ಥ ಹೆಚ್ಚಲಿ. ಉಂಡ ಮೇಲೆ ಹತ್ತು ನಿಮಿಷ ನಡೆಯಿರಿ. ಆಗ ಸ್ನಾಯುಗಳು ರಕ್ತದ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ, ಹೊರಗಿನ ಬೆಳಕು ಮೆದುಳನ್ನು ಎಚ್ಚರಿಸುತ್ತದೆ. ಲೆಕ್ಕ ತಾಳೆ ನೋಡುವಂತಹ ಸೂಕ್ಷ್ಮ ಕೆಲಸವನ್ನು ಬೆಳಗ್ಗೆಯೇ ಮುಗಿಸಿ, ಓಡಾಟದ ಕೆಲಸವನ್ನು ಈ ಹೊತ್ತಿಗೆ ಇಟ್ಟುಕೊಳ್ಳುವುದು ಜಾಣತನ.

ಅನುಕೂಲವಿದ್ದವರು 20 ನಿಮಿಷ ಕಣ್ಣು ಮುಚ್ಚಬಹುದು. ಅಮೆರಿಕದ ನಾಸಾ ಸಂಸ್ಥೆ ದೂರಪ್ರಯಾಣದ ವಿಮಾನ ಚಾಲಕರಲ್ಲಿ ಪರೀಕ್ಷಿಸಿದಾಗ, ಸರಾಸರಿ 26 ನಿಮಿಷದ ನಿದ್ದೆಯಿಂದಲೇ ಅವರ ಎಚ್ಚರ ಸುಧಾರಿಸಿತ್ತು. ಅರ್ಧ ಗಂಟೆ ಮೀರಿದರೆ ಮಾತ್ರ ಎದ್ದಾಗ ತಲೆ ಭಾರ. ಚಹಾ, ಕಾಫಿಯಲ್ಲಿರುವ ಕೆಫೀನಿನ ಸುಮಾರು ಅರ್ಧಾಂಶ ಐದು ಗಂಟೆಗಳ ಬಳಿಕವೂ ದೇಹದಲ್ಲಿ ಉಳಿದಿರುತ್ತದೆ. ಆದುದರಿಂದ ಸಂಜೆಯ ಲೋಟವೇ ರಾತ್ರಿಯ ನಿದ್ದೆ ಕೆಡಿಸಿ, ಮರುದಿನದ ತೂಕಡಿಕೆಗೆ ಬೀಜ ಬಿತ್ತುತ್ತದೆ.

ವಾಹನ ಓಡಿಸುವಾಗ ಕಣ್ಣು ಎಳೆದರೆ ರಸ್ತೆ ಬದಿಗೆ ನಿಲ್ಲಿಸಲೇಬೇಕು. ಅಲ್ಲಿ ಧೈರ್ಯ ತೋರಿಸುವುದು ಸಲ್ಲದು. ರಾತ್ರಿ ಚೆನ್ನಾಗಿ ಮಲಗಿಯೂ ದಿನವೂ ತೂಕಡಿಸುವವರು ವೈದ್ಯರನ್ನು ಕಾಣಲಿ. ಸಕ್ಕರೆ ಕಾಯಿಲೆ, ರಕ್ತಹೀನತೆ, ಥೈರಾಯ್ಡ್ ತೊಂದರೆಗಳು ಹೀಗೂ ತಲೆದೋರುತ್ತವೆ. ಜೋರಾಗಿ ಗೊರಕೆ ಹೊಡೆಯುವವರು ಅದನ್ನೂ ತಿಳಿಸಬೇಕು.

ಕೊನೆಗೆ ಹೆತ್ತವರಲ್ಲಿ ಒಂದು ಮಾತು. ಮನೆಯ ಹತ್ತಿರ ಬೇರೆ ಶಾಲೆಗಳಿದ್ದರೂ ಎರಡು ಬಸ್ಸು ಹಿಡಿದು ಕನ್ನಡ ಶಾಲೆಗೆ ಬರುವ ಮಕ್ಕಳು ನಸುಕಿನಲ್ಲೇ ಏಳುತ್ತಾರೆ. ಹದಿಹರೆಯದವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ರಾತ್ರಿ ಮೊಬೈಲು ಬದಿಗಿಟ್ಟು ಬೇಗ ಮಲಗಿಸಿ, ಬೆಳಗ್ಗೆ ಹೊಟ್ಟೆಗೆ ಏನಾದರೂ ಕೊಟ್ಟು ಕಳುಹಿಸಿ. ಊಟದ ಬಳಿಕದ ಪಾಠವೂ ಅವರ ಪಾಲಿಗೆ ದಕ್ಕಲಿ.