ಬಾಗಿಲಿಲ್ಲದ ಬಿಡಾರ

ಸಫಾರಿ ಎಂಬುದು ಸ್ವಾಹಿಲಿ ಭಾಷೆಯ ಮಾತು. ಅದರ ಬೇರು ಅರಬ್ಬಿಯಲ್ಲಿದೆ. ಪಯಣ ಎಂದಷ್ಟೇ ಅದರ ಅರ್ಥ. ನಮ್ಮ ಹಳೆಯ ಊರುಗಳ ಮುಸಾಫಿರಖಾನೆಯಲ್ಲಿ ಮಲಗುತ್ತಿದ್ದ ಮುಸಾಫಿರನೂ ಅದೇ ಧಾತುವಿನಿಂದ ಹುಟ್ಟಿದವನು. ಮಾತಿನ ಕುಲ ಒಂದೇ. ಆದರೂ ಆ ಖಾನೆಗೂ ಕೀನ್ಯಾ ದೇಶದ ಮಸಾಯಿ ಮಾರಾ ಸೀಮೆಯ ಡೇರೆಗೂ ಎಷ್ಟು ಅಂತರವೆಂಬುದು ಅಲ್ಲಿ ಎರಡು ರಾತ್ರಿ ತಂಗಿದ್ದಾಗ ನನಗೆ ಮನವರಿಕೆಯಾಯಿತು.

ಡೇರೆ ಎಂದೊಡನೆ ಜಾತ್ರೆಯನ್ನೋ ಸರ್ಕಸ್ಸನ್ನೋ ನೆನೆಯಬೇಡಿ. ಮರದ ಅಟ್ಟಣೆಯ ಮೇಲೆ ಬಿಗಿದು ಕಟ್ಟಿದ ಕ್ಯಾನ್ವಾಸಿನ ಮನೆ ಅದು. ಒಳಗೆ ರತ್ನಗಂಬಳಿ, ಬರೆಯುವ ಮೇಜು, ಹಿಂಬದಿಗೆ ಬಚ್ಚಲು. ಸ್ನಾನದ ಏರ್ಪಾಡೇ ಒಂದು ಸೊಗಸು. ಹೇಳಿದ ಹೊತ್ತಿಗೆ ಸರಿಯಾಗಿ ಕೆಲಸದವನು ಬಿಸಿನೀರು ತಂದು ಬಕೆಟ್ಟಿಗೆ ಸುರಿದು, ರಾಟೆಯ ಹಗ್ಗ ಎಳೆದು ಮೇಲಕ್ಕೇರಿಸುತ್ತಾನೆ. ಒಳಗೆ ಸರಪಳಿ ಜಗ್ಗಿದರೆ ನೀರು ಧಾರೆಯಾಗಿ ಸುರಿಯುತ್ತದೆ. ಬಕೆಟ್ಟು ಬರಿದಾಗುವುದರೊಳಗೆ ಸೋಪು ತೊಳೆದುಕೊಳ್ಳುವ ಜಾಣ್ಮೆ ಮಾತ್ರ ನಮ್ಮದು. ಭೂಮಧ್ಯರೇಖೆ ಹತ್ತಿರವಿದ್ದರೂ ಅದು ಸುಮಾರು 1,500 ಮೀಟರ್ ಎತ್ತರದ ನೆಲ. ರಾತ್ರಿಯ ಚಳಿ ಕಡಿಮೆಯಲ್ಲ. ಆದ್ದರಿಂದ ಹಾಸಿಗೆಯೊಳಗೆ ಬಿಸಿನೀರಿನ ರಬ್ಬರು ಚೀಲ ಇಟ್ಟಿರುತ್ತಾರೆ. ತಿಳಿಯದೆ ಕಾಲು ಚಾಚಿದ ನಾನು ಯಾವುದೋ ಪ್ರಾಣಿಯೆಂದು ಹೌಹಾರಿದೆ.

ಈ ಉಪಚಾರಗಳು ಇಂದಿನವಲ್ಲ. 1909ರಲ್ಲಿ, ಅಮೆರಿಕದ ಅಧ್ಯಕ್ಷಪದವಿಯಿಂದ ಇಳಿದೊಡನೆ, ಥಿಯೊಡೋರ್ ರೂಸ್‌ವೆಲ್ಟ್ ಪೂರ್ವ ಆಫ್ರಿಕಕ್ಕೆ ಬೇಟೆಗೆ ಹೊರಟರು. ಇನ್ನೂರಕ್ಕೂ ಮಿಕ್ಕ ಹೊರೆಯಾಳುಗಳು ಜೊತೆಗಿದ್ದರು. ಅವರ ಡೇರೆಗೂ ಹಿಂದೆ ಬಚ್ಚಲಿತ್ತು. ಹಂದಿಯ ಚರ್ಮದಲ್ಲಿ ರಟ್ಟು ಕಟ್ಟಿಸಿದ ಸುಮಾರು ಅರವತ್ತು ಪುಸ್ತಕಗಳು, ಹೋಮರ್, ಷೇಕ್ಸ್‌ಪಿಯರ್ ಸಹಿತ, ಒಬ್ಬ ಆಳಿನ ಹೊರೆಯಾಗಿ ಕಾಡು ಸುತ್ತಿದವು. ಪುಸ್ತಕಪ್ರಿಯರಾದ ನಾವು ಇದಕ್ಕೆ ತಲೆದೂಗಬೇಕೋ, ಆ ಆಳಿನ ಕೊರಳನ್ನು ನೆನೆಯಬೇಕೋ! 1977ರಲ್ಲಿ ಕೀನ್ಯಾ ಬೇಟೆಯನ್ನು ನಿಷೇಧಿಸಿತು. ಕೋವಿ ಹೋಗಿ ಕ್ಯಾಮೆರಾ ಉಳಿಯಿತು, ಡೇರೆಯೂ ಉಳಿಯಿತು.

ಕಲ್ಲಿನ ಗೋಡೆ ಕಟ್ಟಲಾಗದ ಬಡತನದಿಂದ ಅಲ್ಲ. ಒಂದು ರಾತ್ರಿಗೆ ಸಾವಿರ ಡಾಲರು ದಾಟುವ ಬಿಡಾರಗಳೂ ಅಲ್ಲಿ ಉಂಟು. ಬಟ್ಟೆಯ ತೆಳುವೇ ಅಲ್ಲಿ ಮಾರಾಟದ ಸರಕು. ನಾನಿದ್ದ ಶಿಬಿರಕ್ಕೆ ಬೇಲಿಯಿರಲಿಲ್ಲ. ಕತ್ತಲಾದ ಮೇಲೆ ಊಟಕ್ಕೆ ಹೋಗಬೇಕಾದರೆ ಅಸ್ಕಾರಿ, ಎಂದರೆ ಕಾವಲಿನವನು, ದೀಪ ಹಿಡಿದು ಬರಬೇಕು. ನಡುರಾತ್ರಿ ನದಿಯಿಂದ ಮೇಲೆ ಬಂದ ನೀರಾನೆಯೊಂದು ನನ್ನ ತಲೆದಿಂಬಿನ ಆಚೆಗೇ ಹುಲ್ಲು ಕಿತ್ತು ಮೇಯುತ್ತಿತ್ತು. ಹಸು ಮೇಯುವ ಸದ್ದೇ. ಆದರೆ ಹತ್ತು ಹಸುಗಳಷ್ಟು. ಜಿಪ್ಪು ಎಳೆದಿದ್ದರೆ ಸಿಂಹವೂ ಡೇರೆಯನ್ನು ಗಟ್ಟಿ ವಸ್ತುವೆಂದು ಬಗೆದು ಹಾದುಹೋಗುತ್ತದೆ ಎಂದು ಮಾರ್ಗದರ್ಶಿ ಹೇಳಿದ್ದರು. ಸಿಂಹಕ್ಕೂ ಆ ಮಾತು ತಿಳಿದಿರಲಿ ಎಂದು ಹಾರೈಸುತ್ತ ಮಲಗಿದೆ.

ಬೆಳಗಿನ ಜಾವ, ತಟ್ಟಲು ಬಾಗಿಲಿಲ್ಲದ ಕಾರಣ, ಹೊರಗಿನಿಂದ ‘ಹೋಡಿ’ ಎಂಬ ಕೂಗು. ಒಳಗೆ ಬರಲೇ ಎಂದು ಕೇಳುವ ಸ್ವಾಹಿಲಿ ಮರ್ಯಾದೆ ಅದು. ‘ಕರಿಬು’ ಎಂದರೆ ಕಾಫಿ ಒಳಗೆ ಬರುತ್ತದೆ. ಕೂಗಿದವನು ಒಬ್ಬ ಮಸಾಯಿ ತರುಣ. ಅವನ ಹಿರಿಯರ ನೆಲಕ್ಕೆ ಕಾಲಿಟ್ಟವರು ಹೋಡಿ ಎನ್ನಲಿಲ್ಲ. 1904ರಲ್ಲಿ ಬ್ರಿಟಿಷರು ಅವರನ್ನು ರಿಫ್ಟ್ ಕಣಿವೆಯ ಹುಲ್ಲುಗಾವಲುಗಳಿಂದ ಎಬ್ಬಿಸಿದರು. ಆಗ ಬಿಟ್ಟುಕೊಟ್ಟಿದ್ದ ಉತ್ತರದ ಲೈಕಿಪಿಯಾದಿಂದಲೂ, 1911ರಲ್ಲಿ ಇನ್ನೊಂದು ಒಪ್ಪಂದ ಬರೆಸಿಕೊಂಡು, ದಕ್ಷಿಣಕ್ಕೆ ಅಟ್ಟಿದರು.

ಈ ಶತಮಾನದಲ್ಲಿ ಬೇರೊಂದು ಏರ್ಪಾಡು ಬಂದಿದೆ. ಮೀಸಲು ಪ್ರದೇಶದ ಆಚೀಚಿನ ನೆಲದ ಒಡೆಯರಾದ ಮಸಾಯಿ ಕುಟುಂಬಗಳು ಒಟ್ಟುಗೂಡಿ ಅದನ್ನು ಶಿಬಿರಗಳಿಗೆ ಗುತ್ತಿಗೆ ಕೊಡುತ್ತವೆ. ಕೆಲವೆಡೆ 700 ಎಕರೆಗೆ ಒಂದೇ ಡೇರೆ ಎಂಬ ಕಟ್ಟಳೆಯುಂಟು. ಅತಿಥಿಗೆ ಏಕಾಂತ, ಒಡೆಯನಿಗೆ ಬಾಡಿಗೆ. ಹಳೆಯದಕ್ಕಿಂತ ಇದು ಮೇಲು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅವರ ದನಗಳು ಇನ್ನು ಒಪ್ಪಿದ ಕಾಲದಲ್ಲಿ, ಒಪ್ಪಿದ ಕಡೆ ಮಾತ್ರ ಮೇಯಬೇಕು. 2020ರಲ್ಲಿ ಕೊರೊನಾದ ದೆಸೆಯಿಂದ ವಿಮಾನಗಳು ನಿಂತಾಗ ಡೇರೆಗಳು ಬರಿದಾದವು. ಬಾಡಿಗೆಗೂ ಕುತ್ತು ಬಂದಿತು.

ಹೊರಡುವ ದಿನ ಆ ತರುಣನನ್ನು ಮನೆ ಎಲ್ಲಿ ಎಂದು ಕೇಳಿದೆ. ಗುಡ್ಡದಾಚೆಗೆ ಕೈ ತೋರಿಸಿದ. ಅಲ್ಲಿಯೂ ಹೀಗೆ ಬೇಲಿಯಿಲ್ಲವೇ ಎಂದೆ. ಆಳೆತ್ತರದ ಮುಳ್ಳುಬೇಲಿ ಉಂಟು, ಇಲ್ಲದಿದ್ದರೆ ಸಿಂಹ ದನಗಳನ್ನು ಬಿಟ್ಟೀತೇ ಎಂದು ನಕ್ಕ.